ಕೂಸುಗಳನ್ನ ಕಟಗೊಂಡು ವಿಮಾನ ಹತ್ತಿದ್ದು

ಸಣ್ಣ ಕೂಸುಗಳನ್ನ ಕಟಗೊಂಡು ವಿಮಾನ ಹತ್ತಿದ್ನಿ, ಏನೂ ಆಗಲಿಲ್ಲ, ಆರಾಮ ಬಂದು ಇಳದ್ನಿ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಒಂದೋ ಅವರಿಗೆ ಕೂಸಿಲ್ಲ, ಇಲ್ಲಾ ಕೂಸನ್ನ ಬ್ಯಾರೆಯವರ ಮಡಿಲಿಗೆ ಹಾಕಿ ತಾವು ಮಲಗಿದ್ರು. ನನಗಂತೂ ಹತ್ತಿದಾಗೊಮ್ಮೆ ಏನರೆ ಒಂದು ಆಗೇ ಆಗ್ತೈತಿ.

ನಮ್ಮ ಮನಿಯವರು ಮಿಲಿಟರಿಯಾಗ ಅದಾರ. ಗುವಾಹಟಿ ದಾಟಿ ಅವರ ಡ್ಯೂಟಿ. ನಾನು ಮುದ್ದೇಬಿಹಾಳದಾಗ ಹೊಲಿಗಿ ಅಂಗಡಿ ಇಟಗೊಂಡು ಎರಡು ಮಕ್ಕಳನ್ನ ಸಂಭಾಳಸ್ತೇನಿ. ದೊಡ್ಡಾಂವ ಐದು ವರ್ಷದಾಂವ, ಬಾಯಿ ಮಾತ್ರ ಐವತ್ತರದು. ಸಣ್ಣಾಕಿ ಇನ್ನ ತೊಡಿ ಮ್ಯಾಲಿನ ಕೂಸು. ರೈಲಿನ್ಯಾಗ ಹೋದ್ರ ದಾರ್ಯಾಗ ಸೂಟಿ ಮುಗದ ಹೋಗ್ತೈತಿ ಅಂತ ಹೇಳಿ, ಹುಬ್ಬಳ್ಳಿ ತನಕ ಬಸ್ಸು, ಅಲ್ಲಿಂದ ಬೆಂಗಳೂರಿಗೆ ಒಂದು ವಿಮಾನ, ಬೆಂಗಳೂರಿಂದ ಗುವಾಹಟಿಗೆ ಇನ್ನೊಂದು. ಹೋಗೂಮುಂದ ಎರಡು, ಬರೂಮುಂದ ಎರಡು. ಲೆಕ್ಕಾ ಹಾಕ್ರಿ, ನನ್ನ ಮರ್ಯಾದಿ ಎಷ್ಟ ಸಲ ಆಕಾಶಕ್ಕ ಹೋಗಿರಬೇಕು.

ವಾಂತಿ

ಮೊದಲನೇ ಸಲ ಹತ್ತಿದಾಗ ನಮಗ ನಡುವಿಂದು ಮತ್ತ ದಾರಿ ಕಡೆದು, ಎರಡು ಸೀಟು ಬಂದಿದ್ದವು. ಕಿಡಕಿ ಸೀಟಿನ್ಯಾಗ ಬೆಂಗಳೂರಿನ ಸಾಹೇಬ್ರೊಬ್ಬರು ಕಿವಿಗೆ ವಾಯರ್ ಹಾಕ್ಕೊಂಡು ಕಣ್ಣು ಮುಚ್ಚಿ ಕುಂತಿದ್ರು.

"ಅವ್ವಾ, ಕಿಡಕಿ ನನಗ ಬೇಕು" ಅಂದ ದೊಡ್ಡಾಂವ.

"ಅದು ಅವರದಪಾ. ಇಲ್ಲಿ ನಂಬರ್ ಇರ್ತಾವ."

ಅಂವ ಸುಮ್ಮನಾದ. ಇಂವ ಸುಮ್ಮನಾದ ಅಂದ್ರ ಎಲ್ಲೋ ಏನೋ ನಡದೈತಿ ಅಂತ ಅರ್ಥ. ನಮ್ಮ ಕಡೆ ಬಸ್ಸಿನ್ಯಾಗ ಮೊದಲು ಟವೆಲ್ ಒಗದಾಂವಂದ ಸೀಟು. ಆದ್ರ ಟವೆಲ್‌ಗಿಂತ ದೊಡ್ಡ ಕಾಯ್ದೆ ಇನ್ನೊಂದೈತಿ: ವಾಂತಿ ಬರೋ ಹುಡುಗಗ ಕಿಡಕಿ ಬಿಡಬೇಕು. ಎಂಥಾ ದೊಡ್ಡ ಮನಷ್ಯಾ ಕುಂತಿದ್ರೂ ಏಳಬೇಕು. ಮುದ್ದೇಬಿಹಾಳ–ಸಿಂದಗಿ ಬಸ್ಸಿನ್ಯಾಗ ಅಡ್ಡಾಡಿ ಅಡ್ಡಾಡಿ ನನ್ನ ಮಗ ಈ ಕಾಯ್ದೆಯನ್ನ ಅ ಆ ಇ ಈ ಕಲಿಯೂಕಿಂತ ಮೊದಲ ಕಲತಿದ್ದ.

ಸಾಹೇಬ್ರ ಮೊಣಕೈ ಮುಟ್ಟಿ, "ಅಂಕಲ್, ನನಗ ವಾಂತಿ ಬಂದಂಗ ಆಗಾಕತ್ತೇತಿ" ಅಂದ. ವಿಮಾನ ಇನ್ನ ಅಲಗಾಡಿದ್ದಿಲ್ಲ. ಮೆಟ್ಟಲಾ ಸೈತ ತಗದಿದ್ದಿಲ್ಲ.

ಸಾಹೇಬ್ರು ಎದ್ದ ರಭಸಕ್ಕ ಅವರ ತಲಿ ಮ್ಯಾಲಿನ ಡಬ್ಬಿಗೆ ಬಡೀತು. "ಬಾ ಮರಿ, ಇಲ್ಲಿ ಕೂತ್ಕೋ, ಕೂತ್ಕೋ" ಅಂತ ತಾವ ಎತ್ತಿ ಕುಂಡ್ರಿಸಿದ್ರು. ಮುಂದಿನ ಚೀಲದಾಗಿನ ಕಾಗದದ ಪಾಕೀಟು ತಗದು, ಅದರ ಬಾಯಿ ಅಗಲ ಮಾಡಿ, ಪ್ರಸಾದಕ್ಕ ಕೈ ಒಡ್ಡಿದಂಗ ಇವನ ಗದ್ದದ ಕೆಳಗ ಹಿಡಕೊಂಡು ಕುಂತ್ರು. ನಾನು ನಾಚಿಕಿಂದ ಸಣ್ಣಾಕಿಯ ಟೊಪ್ಪಿಗಿ ಸರಿ ಮಾಡೋದು, ಬಿಚ್ಚೋದು, ಮತ್ತ ಹಾಕೋದು.

ವಿಮಾನ ಏರಿತು. ಮ್ವಾಡ ಬಂದ್ವು. ಸಾಹೇಬ್ರ ಕೈ ಅಲ್ಲೇ ಐತಿ. ಕಡೀಕ ಅವರಿಗೂ ಸಾಕಾಗಿ ಕೇಳಿದ್ರು: "ಮರೀ, ವಾಂತಿ?"

ಇಂವ ಕಿಡಕಿಯಿಂದ ಮಾರಿ ಸೈತ ತಿರುವಲಿಲ್ಲ. "ಇನ್ನ ಬರಂಗಿಲ್ರಿ ಅಂಕಲ್. ಕಿಡಕಿ ಸಿಕ್ಕೈತಲ್ರಿ."

ರೊಕ್ಕಾ ಕೊಟ್ಟ ಸೀಟು

ಇನ್ನೊಂದು ಸಲ ಕಂಪ್ಯೂಟರ್ ನಮ್ಮನ್ನ ಬ್ಯಾರೆ ಮಾಡಿಬಿಟ್ಟಿತ್ತು. ಮಗಂದು ಮುಂದ ನಡುವಿನ ಸೀಟು, ನಂದು ಅಗದಿ ಹಿಂದ ಬಾಲದ ಹತ್ತರ. ಮಗನ ಬಾಜು ದಾರಿ ಕಡೆ ಸೀಟಿನ್ಯಾಗ ಒಬ್ಬ ತರುಣ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡಿ ಮ್ಯಾಲ ಲ್ಯಾಪ್‌ಟಾಪ್.

"ತಮ್ಮಾ, ನೀ ನನ್ನ ಸೀಟಿಗೆ ಹೋಗ್ತಿಯೇನಪಾ? ಹುಡುಗ ಸಣ್ಣಾಂವ ಅದಾನ, ನಾ ಬಾಜು ಕುಂಡ್ರತೇನಿ" ಅಂದ್ನಿ.

"ಸಾರಿ ಮೇಡಂ, ಈ ಸೀಟಿಗೆ ನಾನು ಎಕ್ಸ್‌ಟ್ರಾ ದುಡ್ಡು ಕೊಟ್ಟಿದೀನಿ."

ಏರ್ ಹೋಸ್ಟೆಸ್ ಕೇಳಿ ನೋಡಿದ್ಲು. ಅಂವ ಜಪ್ಪಯ್ಯ ಅನ್ನಲಿಲ್ಲ. ಆತು, ಅವನ ರೊಕ್ಕಾ, ಅವನ ಸೀಟು. ನಾನು ಮಗನ ಬೆಲ್ಟ್ ಬಿಗದು, "ಅಣ್ಣಾಗ ತ್ರಾಸ ಕೊಡಬ್ಯಾಡ. ಏನ ಬೇಕಾದ್ರೂ ಅಣ್ಣಾಗ ಕೇಳು" ಅಂತ ಹೇಳಿ ಹಿಂದ ಹೋದ್ನಿ. ಆ ಎರಡನೇ ಮಾತು ಬಾಯಿ ತಪ್ಪಿ ಬಂತೋ, ಬೇಕಂತ ಅಂದ್ನೋ, ಇವತ್ತಿಗೂ ಯಾರ ಮುಂದೂ ಬಿಚ್ಚಿಲ್ಲ.

ಹಿಂದ ನನಗ ಕಿಡಕಿ ಸೀಟು. ಬಾಜೂಕಿನ ಎರಡೂ ಖಾಲಿ. ಮಗನ್ನ ಇಲ್ಲಿಗೇ ಕರಕೋಬಹುದಿತ್ತು, ಕರೀಲಿಲ್ಲ. ಸಣ್ಣಾಕಿ ಕಾಲು ಚಾಚಿ ಮಲಗಿದ್ಲು. ಮದಿವ್ಯಾದ ಮ್ಯಾಲ ಅಷ್ಟು ಆರಾಮ ನಾ ಎಲ್ಲೂ ಕುಂತಿದ್ದಿಲ್ಲ.

ಕಣ್ಣು ಹತ್ತಬೇಕು ಅನ್ನೂದರಾಗ ಆ ತರುಣ ಬಂದು ನಿಂತ. ಬಿಳಿ ಅಂಗಿ ಮ್ಯಾಲ ಮಾವಿನಹಣ್ಣಿನ ಜ್ಯೂಸು ನಕಾಶಿ ಬರದಿತ್ತು. ಲ್ಯಾಪ್‌ಟಾಪನ್ನ ಕೂಸಿನಂಗ ಎದಿಗೆ ಅವಚಿಕೊಂಡಿದ್ದ.

"ಅಕ್ಕಾ" ಅಂದ. ಮೇಡಂ ಹೋಗಿ ಅಕ್ಕ ಆಗಿದ್ನಿ. "ರೆಕ್ಕೆ ಮುರಿದ್ರೆ ಯಾವ ಕಡೆ ಬೀಳ್ತೀವಿ ಅಂತಾನೆ. ಪೈಲಟ್‌ಗೆ ಒಂದಕ್ಕೆ ಬಂದ್ರೆ ಯಾರು ಓಡಿಸ್ತಾರೆ ಅಂತಾನೆ. ನಂಗೆ ಯಾಕೆ ಮದುವೆ ಆಗಿಲ್ಲ ಅಂತ ನಾಕು ಸಲ ಕೇಳ್ದ. ಅದೂ ಜೋರಾಗಿ. ಪ್ಲೀಸ್ ಅಕ್ಕಾ, ನನ್ನ ಸೀಟು ನೀವೇ ತಗೊಳ್ಳಿ."

ನಾನು ಸೆರಗು ಹೊಚ್ಚಿಕೊಂಡು ಕಿಡಕಿ ಕಡೆ ತಿರುಗಿದ್ನಿ. "ಬ್ಯಾಡಪಾ ತಮ್ಮಾ. ರೊಕ್ಕಾ ಕೊಟ್ಟು ತಗೊಂಡಿ. ಪೂರಾ ವಸೂಲ್ ಮಾಡ್ಕೊ."

ಕೆಳಗ ಯಾವ ಊರು?

ಇದು ವಾಪಸ್ ಬರೂಮುಂದ, ಬೆಂಗಳೂರಿಂದ ಹುಬ್ಬಳ್ಳಿ ವಿಮಾನದಾಗ ಆಗಿದ್ದು. ದೊಡ್ಡಾಂವಗ ಒಂದಕ್ಕ ಬಂತು. ಪಾಯಖಾನಿ ಬಾಗಿಲ ತನಕ ಬಂದಾಂವ ಗಕ್ಕನ ನಿಂತ. ರೈಲಿನ ಪಾಯಖಾನ್ಯಾಗ ತೂತಿನೊಳಗಿಂದ ಹಳಿ ಓಡೋದನ್ನ ಅಂವ ಎಂದೋ ನೋಡಿದ್ದ.

"ಅವ್ವಾ, ಈಗ ನಾವು ಯಾವ ಊರ ಮ್ಯಾಲ ಅದೇವಿ?"

ನನಗೇನ ಗೊತ್ತು? ಜಲ್ದಿ ಮುಗೀಲಿ ಅಂತ ಬಾಯಿಗೆ ಬಂದದ್ದು ಹೇಳಿದ್ನಿ: "ಬಸವನ ಬಾಗೇವಾಡಿ."

"ಬ್ಯಾಡ! ಅಲ್ಲಿ ದೊಡ್ಡವ್ವ ಅದಾಳ!"

ನಮ್ಮ ಅಕ್ಕನ್ನ ಬಾಗೇವಾಡಿಗೆ ಕೊಟ್ಟದ್ದು ನನಗ ಮರತ ಹೋಗಿತ್ತು. ಇಂವ ಕಾಲಿಗೆ ಕಾಲು ಹೆಣಕೊಂಡು ನಿಂತ. ನಮ್ಮ ಹಿಂದ ಮಂದಿ ಸಾಲ ಹಚ್ಚಿದ್ರು.

"ಬಾಗೇವಾಡಿ ಹೋತಪಾ, ಸಿಂದಗಿ ಬಂತು. ಹೋಗು."

"ಸಿಂದಗ್ಯಾಗ ಆಯಿ! ಅಂಗಳದಾಗ ಕುಂತಿರ್ತಾಳ!" ಆಯಿ ಅಂದ್ರ ನಮ್ಮ ಅವ್ವ. ನಾನು ಇಷ್ಟು ವರ್ಷ ಆಕಿನ್ನ ಕಾಳಜಿ ಮಾಡದಷ್ಟು ಇಂವ ಆ ಬಾಗಿಲ ಮುಂದ ನಿಂತು ಮಾಡಿದ. ಕಣ್ಣಾಗ ನೀರು ಬಂದಿದ್ದವು, ಉಳದದ್ದೂ ಬರೂದರಾಗ ಇತ್ತು.

"ಇಂಡಿ!" ಅಂತ ಒದರಿದ್ನಿ. "ಇಂಡಿ ಬಂತು!"

ಅಂವ ಒಂದು ಕ್ಷಣ ವಿಚಾರ ಮಾಡಿದ. "ಇಂಡ್ಯಾಗ ನಮ್ಮವರು ಯಾರೂ ಇಲ್ಲಲಾ?"

"ಯಾರೂ ಇಲ್ಲ."

ಅಂವ ಒಳಗ ಓಡಿದ. ನಾನು ಉಸಿರು ಬಿಟ್ನಿ. ಸಾಲಿನ್ಯಾಗ ನನ್ನ ಬೆನ್ನಿಗೆ ನಿಂತಿದ್ದ ಬಿಳಿ ಟೊಪ್ಪಿಗಿಯ ಚಾಚಾ ಒಬ್ಬರು, ಲಿಂಬಿಹಣ್ಣಿನ ವ್ಯಾಪಾರಿ ಅಂತ ಆಮ್ಯಾಲ ಗೊತ್ತಾತು, ಮುಂದ ಬಗ್ಗಿ ಬಾಗಿಲ ಬಡದು ಹೇಳಿದ್ರು:

"ಬೇಟಾ, ನಾವು ಇಂಡಿಯವರು. ಲಿಂಬಿ ತ್ವಾಟದ ಮ್ಯಾಲ ಆದ್ರ ಅಡ್ಡಿಯಿಲ್ಲ. ಮನಿ ಮಾಳಗಿ ಮ್ಯಾಲ ಮಾತ್ರ ಬ್ಯಾಡ, ನಿಮ್ಮ ಚಾಚಿ ಶ್ಯಾವಿಗಿ ಒಣ ಹಾಕ್ಯಾಳ."

ಮೊಣಕಾಲು

ಒಂದೇ ಒಂದು ಸಲ ನಮ್ಮ ಮನಿಯವರೂ ಜೋಡಿ ಇದ್ರು. ರಜಾ ಮುಗಿಸಿ ನಮ್ಮನ್ನೂ ಕರಕೊಂಡು ಹೊಂಟಿದ್ರು. ಆರು ಫೂಟಿನ ಆಳು. ಆ ವಿಮಾನದ ಸೀಟು ಸಾಲಿ ಹುಡುಗರ ಅಳತಿಗೆ ಹೊಲದಂಗ ಇತ್ತು. ಸಣ್ಣಾಕಿನ್ನ ತೊಡಿ ಮ್ಯಾಲ ಮಲಗಿಸಿಕೊಂಡು, ಮೊಣಕಾಲು ಎಲ್ಲಿ ಇಡಬೇಕು ತಿಳೀದ ಒದ್ದಾಡಾಕತ್ತಿದ್ರು. ಅಷ್ಟರಾಗ ಮುಂದಿನ ಸೀಟಿನ ಹೆಣಮಗಳು ಬಟನ್ ಒತ್ತಿ ಹಿಂದ ಒರಗಿದ್ಲು. ಸೀಟು ಸೀದಾ ಇವರ ಮೊಣಕಾಲ ಮ್ಯಾಲ.

ತುಸು ಹೊತ್ತಿನ ಮ್ಯಾಲ ಆಕಿ ಹೊಳ್ಳಿ ನೋಡಿ ಅಂದ್ಲು: "ಸ್ವಲ್ಪ ಮಗು ಕಾಲು ಹಿಡ್ಕೊಳ್ತೀರಾ? ಸೀಟು ಒದೀತಾ ಇದೆ."

"ಸಾರಿ ರೀ ಅಕ್ಕಾರ" ಅಂದ್ನಿ ನಾನು. ಇವರು ಕೂಸಿನ ಟೊಪ್ಪಿಗಿ ಸರಿ ಮಾಡಿದ್ರು.

ಮತ್ತ ತುಸು ಹೊತ್ತು. ಮತ್ತ ಹೊಳ್ಳಿದ್ಲು. "ನೋಡಿ, ಮಕ್ಕಳಿಗೆ ಇದೆಲ್ಲ ಮನೇಲೇ ಕಲಿಸ್ಬೇಕು."

ನನಗ ಸಿಟ್ಟು ಬಂತು. ಕೂಸಿನ್ನ ನನ್ನ ತೊಡಿಗೆ ಎಳಕೊಂಡು, ಎರಡೂ ಪಾದ ಸೆರಗಿನ್ಯಾಗ ಸುತ್ತಿ ಕುಂತ್ನಿ. ಪಾಪ, ಅದು ನಿದ್ದ್ಯಾಗ ತುಟಿ ಚೀಪಾಕತ್ತಿತ್ತು. ಆದ್ರೂ ಮುಂದಿನ ಸೀಟು ದಬ್ ಅಂತು. ಆಕಿ ಎದ್ದ ನಿಂತ್ಲು. ನೋಡ್ತಾಳ, ಕೂಸು ನನ್ನ ಹತ್ತರ ಮಲಗೇತಿ. ಅಲ್ಲಿ ಇರೋವು ಎರಡ ಮೊಣಕಾಲು, ಅವೂ ಸೀಟಿಗೆ ಒತ್ತಿ ಹಿಡದಾವ. ನಮ್ಮ ಸಾಹೇಬ್ರು ಕಣ್ಣು ಮುಚ್ಚಿ ಗೊರಕಿ ಹೊಡದಂಗ ನಾಟಕ ಮಾಡಾಕತ್ತಾರ. ಮದಿವ್ಯಾದಾಗಿಂದ ಅವರ ಖರೇ ಗೊರಕಿ ಕೇಳಾಕತ್ತೇನಿ, ಇದು ಅದಲ್ಲ.

ಆಕಿ ಬಾಯಿ ತಗಿಯೂಕಿಂತ ಮೊದಲ ನನ್ನ ಮಗ ವಿವರಣೆ ಕೊಟ್ಟ:

"ಆಂಟಿ, ತಂಗಿ ಅಲ್ರಿ, ನಮ್ಮ ಅಪ್ಪ. ಅವರು ಮಿಲಿಟರಿಯಾಗ ಅದಾರ. ಹಿಂದ ಸರಿಯಂಗಿಲ್ರಿ."

ಜೋಲಿ

ಇವೆಲ್ಲಾ ಒಂದು ತೂಕ, ನಮ್ಮ ಅತ್ತಿಯವರನ್ನ ಕರಕೊಂಡು ಹೋದದ್ದ ಒಂದು ತೂಕ.

ನಮ್ಮ ಮನಿಯವರು ಅಲ್ಲಿ ಬಿದ್ದು ಕಾಲು ಮುರಕೊಂಡಿದ್ರು. ದವಾಖಾನ್ಯಾಗ ಪ್ಲಾಸ್ಟರ್ ಹಾಕಿ ಮಲಗಿಸ್ಯಾರ ಅಂತ ಫೋನ್ ಬಂತು. ಅತ್ತಿ ಊಟಾ ಬಿಟ್ರು. "ನನ್ನ ಮಗನ ಮಾರಿ ನೋಡೂತನಕ ನನಗ ರೊಟ್ಟಿ ಇಳಿಯಂಗಿಲ್ಲ" ಅಂತ ಹಟಾ ಹಿಡದ್ರು. ಅಲ್ಲಿ ತನಕಾ ನಮ್ಮ ಜಿಲ್ಲಾ ಬಿಟ್ಟು ಆಚೆ ಹೋದ ಹೆಣಮಗಳಲ್ಲ. ದೊಡ್ಡಾಂವನ್ನ ಸಿಂದಗಿಗೆ ನಮ್ಮ ಅವ್ವನ ಹತ್ತರ ಬಿಟ್ಟು, ಅತ್ತಿ, ನಾನು, ಸಣ್ಣಾಕಿ ಹೊಂಟ್ವಿ.

ಗುವಾಹಟಿ ವಿಮಾನ ಏರೂದಕ್ಕೂ ಸಣ್ಣಾಕಿಯ ಕಿವಿ ನೋಯಾಕ ಚಾಲೂ ಆಗೂದಕ್ಕೂ ಬರೋಬ್ಬರಿ ಆತು. ಅಳು ಅಂದ್ರ ಎಂಥಾ ಅಳು! ಹಾಲು ಕೊಟ್ನಿ, ಉಗುಳಿದ್ಲು. ಎತ್ತಿಕೊಂಡ್ನಿ, ಕೂದಲಾ ಜಗ್ಗಿದ್ಲು. ಹಿಂದಿನವರು ಹತ್ತಿ ಕೊಟ್ರು, ಮುಂದಿನವರು ಚಾಕ್ಲೆಟ್ ಕೊಟ್ರು, ಎಲ್ಲಾರೂ ಬುದ್ಧಿ ಕೊಟ್ರು. ಅತ್ತಿ ದಾರಿ ಕಡೆ ಸೀಟಿನ್ಯಾಗ ಕುಂತಿದ್ರು. ಅವರ ಎದುರಿಗೆ, ದಾರಿಯ ಆ ಬಾಜು, ಟೈ ಕಟ್ಟಿದ ಮನಷ್ಯಾ ಒಬ್ಬಾಂವ. ಹತ್ತಿದಾಗಿಂದ ಗೊಣಗುಟ್ಟಾಕತ್ತಿದ್ದ. ಎಸಿ ಹೆಚ್ಚಾತು ಅಂತ ಒಮ್ಮೆ, ನೀರು ತಣ್ಣಗಿಲ್ಲ ಅಂತ ಒಮ್ಮೆ. ಈಗ ಜೋರ ಮಾಡಿ ಅಂದ:

"ಇಂಥ ಮಕ್ಕಳನ್ನ ಯಾಕಾದ್ರೂ ಕರ್ಕೊಂಡು ಬರ್ತಾರೋ!"

ಅತ್ತಿ ಅವನ ಕಡೆ ಹೊಳ್ಳಿ ಕುಂತ್ರು. "ಯಾಕಪಾ, ನಿಮ್ಮವ್ವ ನಿನ್ನ ಗ್ವಾಡಿ ಗೂಟಕ್ಕ ಸಿಗಿಸಿ ಊರಿಗೆ ಹೋಗ್ತಿದ್ಲೇನು?"

ಅತ್ತಿ ಎದ್ದು ಮ್ಯಾಲಿನ ಡಬ್ಬಿ ತಗದು, ತಮ್ಮ ಗಂಟಿನೊಳಗಿನ ಹಳೇ ಇಲಕಲ್ ಸೀರಿ ಹಿರದ್ರು. ಡಬ್ಬಿಯ ಕೀಲಿಗೆ ಸೀರಿ ತುದಿ ಸುತ್ತಿ ಗಂಟ ಹಾಕಾಕ ನಿಂತ್ರು. ಏರ್ ಹೋಸ್ಟೆಸ್ ಓಡಿ ಬಂದ್ಲು. ಮಂಗಳೂರ ಕಡೆ ಹುಡುಗಿ, ಪುಸ್ತಕದ ಕನ್ನಡ.

"ಅಜ್ಜಿ, ಏನು ಮಾಡುತ್ತಿದ್ದೀರಿ?"

"ಜೋಲಿ ಕಟ್ಟಾಕತ್ತೇನವಾ."

"ವಿಮಾನದಲ್ಲಿ ಜೋಲಿ ಕಟ್ಟುವ ಹಾಗಿಲ್ಲ!"

"ಬಸ್ಸಿನ್ಯಾಗ ಕಟ್ಟೀನಿ, ರೈಲಿನ್ಯಾಗ ಕಟ್ಟೀನಿ, ಕಬ್ಬಿನ ಟ್ರ್ಯಾಕ್ಟರ್‌ಗೆ ಕಟ್ಟೀನಿ. ಈ ಗಾಡಿಗೇನ ಬ್ಯಾನಿ ಬಂದೈತಿ?"

ಮ್ಯಾಲಿನ ಸಾಮಾನು ತಲಿ ಮ್ಯಾಲ ಬೀಳ್ತಾವ ಅಂತ ಹುಡುಗಿ ತಿಳಿಸಿ ಹೇಳಿದ್ಲು. ಅತ್ತಿಯವರಿಗೆ ಅದು ಖರೇ ಅನಿಸ್ತು. ಗಂಟ ಬಿಚ್ಚಿದ್ರು. ಕುಂತು, ಸೀರಿಯ ಒಂದು ತುದಿ ತಮ್ಮ ಕೈಗೆ ಸುತ್ತಿಕೊಂಡು, ಇನ್ನೊಂದು ತುದಿಯನ್ನ ದಾರಿ ದಾಟಿಸಿ ಟೈ ಮನಷ್ಯಾನ ಕೈಯಾಗ ಇಟ್ರು.

"ಹಿಡಿ."

"ನಾನಾ?"

"ಅಳು ಕೇಳಾಕ ಆಗವಲ್ದು ಅಂದಾಂವ ನೀನಲ್ಲಾ? ಗಟ್ಟಿ ಹಿಡಿ."

ಅತ್ತಿ ಹಂಗಂದ್ರ ನಮ್ಮ ಮನಿಯಾಗ ಎತ್ತೂ ನಿಂತಲ್ಲಿಂದ ಹೆಜ್ಜಿ ಇಡತಾವ. ಅಂವ ಹಿಡದ. ಸಣ್ಣಾಕಿನ್ನ ಸೀರ್ಯಾಗ ಹಾಕಿದ್ವಿ. ನಾನು ಕೆಳಗ ಕೈ ಇಟ್ಟು ಬಗ್ಗಿ ನಿಂತ್ನಿ. ಅತ್ತಿ ಜೋ ಅಂತ ರಾಗ ಎಳದ್ರು. ಅಂವ ಒಮ್ಮೆ ತೂಗೋದು, ಇವರು ಒಮ್ಮೆ. ಕೂಸು ಬಿಕ್ಕಿ ಬಿಕ್ಕಿ ಸುಮ್ಮನಾತು. ಹುಡುಗಿ, "ಐದು ನಿಮಿಷ ಮಾತ್ರ ಅಜ್ಜಿ" ಅಂದ್ಲು. ಆ ಕಡೆ ಚಹಾದ ಗಾಡಿ ಸಿಕ್ಕೊಂಡು ನಿಂತಿತ್ತು, ಈ ಕಡೆ ಪಾಯಖಾನಿಗೆ ಹೊಂಟಾವರು ನಿಂತಿದ್ರು.

ಅಷ್ಟರಾಗ ಮ್ಯಾಲಿಂದ ಪೈಲಟ್‌ನ ದನಿ ಗಡಗಡ ಅಂತ ಬಂತು. ಎಷ್ಟು ಎತ್ತರದಾಗ ಅದೇವಿ, ಹೊರಗ ಎಷ್ಟು ಥಂಡಿ ಐತಿ ಅಂತ ಏನೇನೋ. ಕೂಸು ಬೆಚ್ಚಿ ಕಣ್ಣು ತಗೀತು.

ಅತ್ತಿ ಸಿಟ್ಟಿಗೆದ್ರು. "ಏ ಹುಡುಗಿ! ಆ ಡ್ರೈವರ್‌ಗ ಹೋಗಿ ಹೇಳು, ಇಲ್ಲಿ ಕೂಸು ಮಲಗಾಕತ್ತೇತಿ, ಬಾಯಿ ಮುಚ್ಚಿ ಗಾಡಿ ಹೊಡಿ ಅಂತ!"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಕೊಂಡು ಖರೇನ ಮುಂದ ಹೋದ್ಲು. ಏನು ಹೇಳಿದ್ಲೋ ದೇವರಿಗೆ ಗೊತ್ತು. ಪೈಲಟ್ ಆಮ್ಯಾಲ ತುಟಿ ಬಿಚ್ಚಲಿಲ್ಲ.

ಕೂಸು ಮಲಗಿತು. ನಾನು ಹಗೂರಕ ಎತ್ತಿ ತೊಡಿಗೆ ತಗೊಂಡು ಕುಂತ್ನಿ. ಚಹಾದ ಗಾಡಿ ಹೊಂಟಿತು. ಅತ್ತಿ ಸೀರಿ ಸುತ್ತಿಕೊಳ್ಳಾಕ ಜಗ್ಗಿದ್ರ ಬರವಲ್ದು. ಆ ಬಾಜು ನೋಡಿದ್ರ, ಟೈ ಮನಷ್ಯಾ ಸೀರಿ ತುದಿ ಎದಿಗೆ ಹಿಡಕೊಂಡು, ಬಾಯಿ ತಗದು, ಗಾಢ ನಿದ್ದಿ. ಅತ್ತಿ ಅವನ್ನ ಒಂದು ಗಳಿಗಿ ನೋಡಿದ್ರು. ಆಮ್ಯಾಲ ಆ ಸೀರೀನ್ನ ಅವನ ಗದ್ದದ ತನಕ ಹೊಚ್ಚಿ, ಅಂಚು ಮಡಚಿ ಸರಿ ಮಾಡಿದ್ರು.

ಗುವಾಹಟಿ ಬಂತು. ವಿಮಾನ ಇಳಿಯಾಕ ಹತ್ತಿತು. ಸೀಟು ನೆಟ್ಟಗ ಮಾಡಿಸಬೇಕು ಅಂತ ಹುಡುಗಿ ಆ ಮನಷ್ಯಾನ ಭುಜಾ ಅಲುಗಾಡಿಸಾಕ ಕೈ ಚಾಚಿದ್ಲು. ಅತ್ತಿ ಆಕಿ ಕೈ ಹಿಡದು, ದನಿ ಸಣ್ಣ ಮಾಡಿ ಅಂದ್ರು:

"ಬ್ಯಾಡವಾ, ಏಳಿಸಬ್ಯಾಡ. ಎದ್ದ ಅಂದ್ರ ಮತ್ತ ಅಳಾಕ ಹತ್ತತಾನ."