ದರ್ಜಿ ಕೊಟ್ಟ ಆಧಾರ

ನಿವೃತ್ತ ಹೆಡ್‌ಮಿಸ್ಟ್ರೆಸ್ಸರ ಗುಲಾಬಿ ಎಲೆಗಳ ಅಂಚನ್ನು ಯಾರೋ ದುಂಡುದುಂಡಗೆ ಕತ್ತರಿಸಿದ್ದರು. ಬೀದಿಯವರೆಲ್ಲ ಪಕ್ಕದ ದರ್ಜಿಯ ಮುಖ ನೋಡಿದರು.

"ಕತ್ತರಿ ನನ್ಹತ್ರಾನೂ ಇದೆ," ಎದುರಿನ ಕ್ಷೌರಿಕ, ಯಾರೂ ಕೇಳದಿದ್ದರೂ, ಸಾಕ್ಷಿ ಹೇಳಿದ. "ಆದ್ರೆ ಇಷ್ಟು ದುಂಡಗೆ ನನ್ನ ಕೈಲಿ ಬರಲ್ಲಪ್ಪ."

ಗೆಳೆಯನ ಹೊಗಳಿಕೆ ದರ್ಜಿಯ ಕುತ್ತಿಗೆಗೆ ಬಂತು. ಶಾಲೆಯ ಮುನ್ನೂರು ಸಮವಸ್ತ್ರದ ಹೊಲಿಗೆ ಯಾರಿಗೆ ಎಂಬುದು ಆ ಸಂಜೆ ತೀರ್ಮಾನವಾಗುವುದಿತ್ತು. ಅಲ್ಲಿ ಈಗಲೂ ಹೆಡ್‌ಮಿಸ್ಟ್ರೆಸ್ಸರ ಮಾತೇ ಕೊನೆಯ ಮಾತು.

"ಕತ್ತರಿಸಿದ್ದು ಒಂಟಿಜೇನು ಮೇಡಂ. ನಾನೇ ಕಂಡಿದೀನಿ."

"ಜೇನು ಹೂವಿಗೆ ಬರುತ್ತೆ, ಎಲೆಗಲ್ಲ. ವಿಶ್ವಕೋಶದಲ್ಲಿದ್ರೆ ಸಂಜೆಯೊಳಗೆ ತೋರಿಸಿ."

ದರ್ಜಿ ಮೊಬೈಲಿನಲ್ಲಿ ಅಂತರ್ಜಾಲದ ವಿಶ್ವಕೋಶ ತೆರೆದ. ಒಂಟಿಜೇನಿನ ಬಗ್ಗೆ ಇದ್ದದ್ದು ಒಂದೇ ಸಾಲು: "ಇದು ಕಾಡುಜೇನು, ಗುಂಪಿನಲ್ಲಿ ಬಾಳುವುದಿಲ್ಲ." ಯಾರು ಬೇಕಾದರೂ ತಿದ್ದಬಹುದಲ್ಲ ಎಂದು, "ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸಿ ಒಯ್ಯುತ್ತದೆ" ಎಂದು ಸೇರಿಸಿದ. ಐದೇ ನಿಮಿಷದಲ್ಲಿ ಯಾರೋ ಸಂಪಾದಕ ಅಳಿಸಿ ಹಾಕಿದ. "ಆಧಾರ ಎಲ್ಲಿ?"

"ನಾನೇ ನೋಡಿದ್ದೇನೆ."

"ನೀವು ಯಾರು?"

ಒಂದು ಕಾಲರ್ ಸರಿಬರುವವರೆಗೆ ಏಳು ಸಲ ಬಿಚ್ಚಿ ಹೊಲಿಯುವ ಆಸಾಮಿ ಇಷ್ಟಕ್ಕೆಲ್ಲ ಬಗ್ಗುವವನಲ್ಲ. ಅಂಗಡಿ ಮುಚ್ಚಿ ಗ್ರಂಥಾಲಯಕ್ಕೆ ಓಡಿದ. ಕೀಟಗಳ ಪುಸ್ತಕ ಹುಡುಕಿ, ಪುಟದ ಸಂಖ್ಯೆಯನ್ನೂ ಬರೆದ.

ಸಂಪಾದಕ ತುಸು ಮೆತ್ತಗಾದ. "ಸರಿ. ಚಿತ್ರ ಇದೆಯೇ? ಗೂಡಿನದೂ ಬೇಕು. ಎಲ್ಲಿ ತೆಗೆದದ್ದೆಂದು ಸ್ಪಷ್ಟವಾಗಿ ಬರೆಯಿರಿ."

ಮಧ್ಯಾಹ್ನ ದರ್ಜಿ ಗುಲಾಬಿ ಗಿಡದ ಬುಡದಲ್ಲಿ ಮೊಬೈಲ್ ಹಿಡಿದು ಕುಕ್ಕರಗಾಲಲ್ಲಿ ಕುಳಿತ. ಜೇನು ಎಲೆ ಕಚ್ಚುವುದಕ್ಕೂ, ಅವನು ಚಿತ್ರ ತೆಗೆಯುವುದಕ್ಕೂ, ಕ್ಷೌರಿಕ ಮೇಡಮ್ಮನ್ನು ಕರೆತರುವುದಕ್ಕೂ ಸರಿಹೋಯಿತು.

"ಕತ್ತರಿ ಯಾಕೆ ತಂದ್ರಿ?" ಎಂದರು ಹೆಡ್‌ಮಿಸ್ಟ್ರೆಸ್.

"ಅದು ಯಾವಾಗಲೂ ದಾರ ಕಟ್ಟಿ ಕೊರಳಲ್ಲೇ ಇರುತ್ತೆ ಮೇಡಂ."

ಅಷ್ಟರಲ್ಲಿ ಜೇನು ಎಲೆತುಂಡಿನೊಂದಿಗೆ ಹಾರಿತು. ದರ್ಜಿ ಮಾತು ಅರ್ಧಕ್ಕೇ ಬಿಟ್ಟು ಅದರ ಹಿಂದೆ ಓಡಿದ. ಗೂಡು ಸಿಕ್ಕಿತು. ಅಳತೆ ಟೇಪ್ ಹಿಡಿದೇ ಚಿತ್ರ ತೆಗೆದ. ಉದ್ದ, ಅಗಲ, ಜಾಗ, ಒಂದೂ ಬಿಡದೆ ಬರೆದ. ಸಂಪಾದಕ ಎಲ್ಲವನ್ನೂ ಒಪ್ಪಿಕೊಂಡ. ದರ್ಜಿಗೆ ಮೊದಲ ಕೋಟು ಹೊಲಿದ ದಿನದಷ್ಟೇ ಸಂತೋಷವಾಯಿತು.

ಸಂಜೆ ಹೆಡ್‌ಮಿಸ್ಟ್ರೆಸ್ ಕನ್ನಡಕ ಏರಿಸಿ ವಿಶ್ವಕೋಶದ ಪುಟ ಓದಿದರು. "ತಪ್ಪು ನಂದೇ. ಕತ್ತರಿಸಿದ್ದು ನೀವಲ್ಲ."

ದರ್ಜಿಗೆ ಹೋದ ಜೀವ ಬಂದಂತಾಯಿತು. ಆದರೆ ಉತ್ತರಪತ್ರಿಕೆಯನ್ನು ಕೊನೆಯ ಪುಟದವರೆಗೆ ತಿದ್ದಿದ ಕೈ ಅದು, ಅರ್ಧಕ್ಕೆ ನಿಲ್ಲಲಿಲ್ಲ. ಅವರು ಗಟ್ಟಿಯಾಗಿ ಓದಿದರು: "ಗೂಡು: ಗುಲಾಬಿ ಗಿಡದ ಪಕ್ಕದ ದರ್ಜಿ ಅಂಗಡಿಯ ಬೋರ್ಡಿನ ಪೈಪು. ಒಳಗೆಲ್ಲ ಎಲೆ."

"ಅಂದ್ರೆ ನನ್ನ ಎಲೆಯೆಲ್ಲ ನಿಮ್ಮ ಬೋರ್ಡಿನಲ್ಲೇ ಇದೆ."

"ನಾನು ಬೆಳಿಗ್ಗೇನೇ ಅಂದೆ," ಎಂದ ಕ್ಷೌರಿಕ, "ಆ ಅಂಗಡಿ ಕೆಲಸಾನೇ ಅಂತ."

ಸಮವಸ್ತ್ರದ ಹೊಲಿಗೆ ಅಲ್ಲಿಗೆ ಕೈತಪ್ಪಿತು. ದರ್ಜಿ ಮೇಡಂ ಮನೆಯ ಗೇಟು ದಾಟುವ ಮೊದಲೇ ಗೂಡಿನ ಸಾಲನ್ನು ಅಳಿಸಿದ. ಅಂಗಡಿಯ ಬೀಗ ತೆಗೆಯುವಷ್ಟರಲ್ಲಿ ಮೊಬೈಲ್ ಸದ್ದು ಮಾಡಿತು. ಸಾಲು ತನ್ನ ಜಾಗಕ್ಕೆ ಮರಳಿತ್ತು. ಕೆಳಗೆ ಸಂಪಾದಕನ ಟಿಪ್ಪಣಿ ಇತ್ತು:

"ದಯವಿಟ್ಟು ಆಧಾರವಿರುವ ಮಾಹಿತಿಯನ್ನು ಅಳಿಸಬೇಡಿ. ಬರೆದವರು ಬಹಳ ಕಷ್ಟಪಟ್ಟಿದ್ದಾರೆ."