ಬೆಳ್ಳಿ ಜರಿಯ ಆಂಟೆನಾ

ಹೆಸರು ಶಾಂತಮೂರ್ತಿಯಾದರೂ, ಪಕ್ಕದ ಮನೆಯ ಹೇಮಂತ ಹೊಸ ಆಂಟೆನಾ ತಂದ ದಿನದಿಂದ ಅವನಿಗೆ ಶಾಂತಿ ಎಂಬುದೇ ಇರಲಿಲ್ಲ. ಸುತ್ತಿಟ್ಟರೆ ವೀಳ್ಯದೆಲೆ ಕಟ್ಟಿನಷ್ಟು. ಬಿಚ್ಚಿ ಮರಕ್ಕೆ ತೂಗುಹಾಕಿದರೆ ಆಳುದ್ದ. ಕೊಳ್ಳೇಗಾಲದ ಒಂದೇ ಬೀದಿಯಲ್ಲಿ ಬೆಟ್ಟ ಹತ್ತಿ ನಿಸ್ತಂತುವಿನಲ್ಲಿ ಊರಿನವರೊಡನೆ ಮಾತಾಡುವ ಇಬ್ಬರು ಹ್ಯಾಮ್ ರೇಡಿಯೋ ಹವ್ಯಾಸಿಗಳಿದ್ದು, ಒಬ್ಬನ ಆಂಟೆನಾ ಜೇಬಿಗೆ ಹೋಗಿ ಇನ್ನೊಬ್ಬನದು ಬಸ್ಸಿನೊಳಗೂ ಹೋಗದಿದ್ದರೆ ಹೊಟ್ಟೆ ಉರಿಯದೆ ಇನ್ನೇನಾದೀತು?

ಎರಡು ಮಗ್ಗದ ಯಜಮಾನ ಶಾಂತಮೂರ್ತಿ ಚಾರಣಕ್ಕೆ ತಕ್ಕ ಆಂಟೆನಾ ಹುಡುಕಲು ಕೂತ. ಎಳೆದು ಉದ್ದ ಮಾಡುವ ಕಡ್ಡಿ ಭಾರವಾಯಿತು. ಅಳತೆ ಟೇಪಿನಿಂದ ಮಾಡಿದ್ದು ಚೀಲದಿಂದ ಹೊರಗೆ ಚಾಚಿ ಬಸ್ಸಿನವರ ಬೆನ್ನು ತಿವಿಯಿತು. ಹೇಮಂತನದನ್ನೇ ತರಿಸಬಹುದಿತ್ತು, ಆದರೆ ಅದು ಸೋತಂತೆ. ಅದಕ್ಕಿಂತ ಚಿಕ್ಕದೇ ಬೇಕು! ಆಗ ಹೊಳೆಯಿತು ಜರಿ. ರೇಷ್ಮೆ ಎಳೆಗೆ ಬೆಳ್ಳಿ ಸುತ್ತಿದ ಜರಿಗಿಂತ ಒಳ್ಳೆಯ ತಂತಿ ಉಂಟೇ?

ಮಗ್ಗದ ಜರಿ ಗಿರಾಕಿಗಳದು, ಮುಟ್ಟುವಂತಿಲ್ಲ. ಆದರೆ ಹೆಂಡತಿ ಅನಸೂಯಮ್ಮ ಬೀದಿಗೆಲ್ಲ ತೋರಿಸಿ ಮೆರೆದಿದ್ದ ಬೆಳ್ಳಿ ಜರಿಯ ಸೀರೆ ಬೀರುವಿನಲ್ಲಿತ್ತು. ಹಿಂದೊಮ್ಮೆ ಅವನೇ ನೇಯ್ದು ಕೊಟ್ಟದ್ದು. ಅವಳು ಸಂತೆಗೆ ಹೋದಾಗ ಅಂಚಿನ ಎಳೆಗಳನ್ನು ಬಿಡಿಸಿ, ಹೊಸೆದು, ಬೆಂಕಿಪೊಟ್ಟಣದೊಳಗೆ ಮಡಚಿಟ್ಟ.

ಭಾನುವಾರ ಹೇಮಂತನೊಡನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಡುವಾಗ ಹೆಂಡತಿಗೆ ಹೇಳಿದ: "ಹೇಮಂತನ್ ಹೆಂಡ್ತಿ ದೀಪ ಮನೇಲಿ ರೇಡಿಯೋ ಹಾಕಂಡು ಕೂತಿರ್ತಾಳೆ. ನೀನೂ ಓಗಿ ಕೂತ್ಕೊ. ನಿನ್ ಗಂಡನ್ ದನಿ ಎಂಗ್ ಬತ್ತದೆ, ಕೇಳುವಂತೆ!"

ಬೆಟ್ಟ ಹತ್ತಲು ಅಗರದ ಗುರುಮಲ್ಲಪ್ಪನೂ ಜೊತೆಯಾದ. ಮಗಳ ಮದುವೆ ಸೀರೆಗಳನ್ನೆಲ್ಲ ಅವನು ಶಾಂತಮೂರ್ತಿಯ ಮಗ್ಗಕ್ಕೇ ಒಪ್ಪಿಸಿದ್ದ.

"ನೋಡಿ ಗುರುಮಲ್ಲಣ್ಣ, ಅಸ್ಲಿ ಬೆಳ್ಳಿ ಜರಿ!" ಎನ್ನುತ್ತ ಶಾಂತಮೂರ್ತಿ ಪೊಟ್ಟಣ ತೆರೆದು ಎಳೆಯನ್ನು ರೇಡಿಯೋಗೆ ಸಿಕ್ಕಿಸಿ ಕೊಂಬೆಗೆ ಕಟ್ಟಿದ. ಹೇಮಂತ ಬಾಯಿ ಬಿಟ್ಟುಕೊಂಡು ನೋಡಿದ. ಆ ಬಾಯಿ ಕಂಡೇ ಶಾಂತಮೂರ್ತಿಗೆ ಅರ್ಧ ಹೊಟ್ಟೆ ತಂಪಾಯಿತು.

ರೇಡಿಯೋದಲ್ಲಿ ದೀಪಳನ್ನು ಕೂಗಿದ. ಬರೀ ಗೊರಗೊರ. ಕೊಂಬೆ ಬದಲಿಸಿದ. ಮತ್ತೂ ಗೊರಗೊರ.

ಹೇಮಂತ ಚೀಲದಿಂದ ಮೀಟರ್ ತೆಗೆದು ಎಳೆಗೆ ಮುಟ್ಟಿಸಿದ. "ಇದ್ರಲ್ಲಿ ಕರೆಂಟೇ ಓಡ್ತಿಲ್ಲ ಅಣ್ಣ. ಬೆಳ್ಳಿ ಅಲ್ಲ, ಪ್ಲಾಸ್ಟಿಕ್ ಜರಿ," ಎಂದ, ಪಾಪ, ಮೆಲ್ಲಗೆ. ಆಮೇಲೆ ಬೆಟ್ಟ ಹತ್ತಿದ ಸುದ್ದಿ ಊರಿಗೆ ಮುಟ್ಟಿಸಲು ತನ್ನ ಆಂಟೆನಾ ಬಿಚ್ಚಿ ಮರಕ್ಕೆ ತೂಗುಹಾಕಿದ.

ಗುರುಮಲ್ಲಪ್ಪನ ಹುಬ್ಬು ಗಂಟಾಯಿತು. "ಅಲ್ಲಾ ಕಣ್ ಶಾಂತಣ್ಣ, ಅಸ್ಲಿ ಅಂದ್ಯಲ್ಲ? ಅಂಗಾರೆ ನನ್ ಮಗಳ ಸೀರೆಗೂ ಇದ್ನೇಯಾ ಆಕ್ತಿರದು?"

ಶಾಂತಮೂರ್ತಿಗೆ ಆಗ ನೆನಪಾಯಿತು: ಆ ಸೀರೆ ನೇಯುವಾಗ ಕೈಯಲ್ಲಿ ಕಾಸಿರಲಿಲ್ಲ, ಅಗ್ಗದ ಜರಿ ಹಾಕಿ ಹೆಂಡತಿಗೆ ಬೆಳ್ಳಿ ಎಂದಿದ್ದ. ನೆಂಟರ ಮುಂದೆಲ್ಲ ಅದನ್ನೇ ಹೇಳಿ ಹೇಳಿ ಕೊನೆಗೆ ತಾನೂ ನಂಬಿಬಿಟ್ಟಿದ್ದ. ಈಗ ಗಿರಾಕಿ ಕೈಬಿಟ್ಟರೆ ಮಗ್ಗ ಮುಚ್ಚಬೇಕಾದೀತು.

"ಇಲ್ಲಾ ಕಣಣ್ಣ! ನಿಮ್ ಸೀರೆದು ಅಪ್ಪಟ ಬೆಳ್ಳಿ, ಮಾದಪ್ಪನಾಣೆ!" ಎಂದು ಬೆಟ್ಟಕ್ಕೆಲ್ಲ ಕೇಳುವಂತೆ ಕಿರುಚಿದ. "ಇದು ಅನಸೂಯನ್ ಸೀರೆಯಿಂದ ಕಿತ್ಕಂಡ್ ಬಂದದ್ದು! ಅವಳ್ಗೇನ್ ಗೊತ್ತಾಯ್ತದೆ ಅಂತ ಆವತ್ತು ಡೂಪ್ಲಿಕೇಟ್ ಆಕ್ಬುಟ್ಟಿದ್ದೆ!"

ಗುರುಮಲ್ಲಪ್ಪನ ಹುಬ್ಬು ಸಡಿಲಾಯಿತು. ಶಾಂತಮೂರ್ತಿ ಉಸಿರು ಬಿಟ್ಟು ಈಚೆ ತಿರುಗಿದರೆ ಹೇಮಂತ ಕಲ್ಲಾಗಿ ನಿಂತಿದ್ದ. ದೀಪಳನ್ನು ಕರೆಯಲೆಂದು ರೇಡಿಯೋದ ಮಾತು ಕಳಿಸುವ ಗುಂಡಿ ಒತ್ತಿದವನು ಕೈ ತೆಗೆಯುವುದನ್ನೇ ಮರೆತಿದ್ದ. ಈಗ ತೆಗೆದ.

ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ದನಿ ಬಂತು. ದೀಪಳದಲ್ಲ.

"ಕೇಳುಸ್ತಾ ಅದೆ. ಎಲ್ಲಾ ಸಂದಾಗ್ ಕೇಳುಸ್ತಾ ಅದೆ," ಎಂದಳು ಅನಸೂಯಮ್ಮ. "ಮನೆಗ್ ಬನ್ನಿ. ಓವರ್."

ಹೇಮಂತನ ಆಂಟೆನಾ ಒಳ್ಳೆಯದೆಂದು ಶಾಂತಮೂರ್ತಿ ಒಪ್ಪಿಕೊಂಡದ್ದು ಅದೇ ಮೊದಲು.