ಮಾತಾಡದ ನಂಬರು

ಆ ನಂಬರಿಗೆ ದಿನವಿಡೀ ಫೋನ್ ಬರುತ್ತಿತ್ತು, ಆದರೆ ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ರಿಂಗಾದ ಕೂಡಲೇ ಕಟ್! ಮೇಲಾಗಿ ಅದು ಸಾರವಾಡದ ಒಂದು ಹೊಲ ಬಿಟ್ಟು ಕದಲುತ್ತಲೂ ಇರಲಿಲ್ಲ. ವಿಜಯಪುರದ ಮೊಬೈಲ್ ಕಂಪನಿಯೊಂದರಲ್ಲಿ ಮೋಸದ ನಂಬರು ಹುಡುಕುವ ಕೆಲಸದಲ್ಲಿದ್ದ ಪರಮೇಶ್ವರನಿಗೆ ಇಷ್ಟು ಸಾಕಾಯಿತು. ಈ ಸಲ ಕಳ್ಳನನ್ನು ಹಿಡಿದವರ ನೌಕರಿ ಕಾಯಂ ಎಂದು ಸಾಹೇಬರು ಬೇರೆ ಹೇಳಿದ್ದರು. ಪಾಪ, ನೌಕರಿ ಕಾಯಂ ಆಗದೆ ಅವನ ಮದುವೆಯೂ ಕಾಯಂ ಆಗುವಂತಿರಲಿಲ್ಲ.

ಹಿಂದುಮುಂದು ನೋಡದೆ ನಂಬರು ಬಂದ್ ಮಾಡಿ, ಕಳ್ಳನನ್ನು ಕಣ್ಣಾರೆ ಕಾಣಲು ಬಸ್ ಹತ್ತಿದ.

ಹೊಲದ ಬಾವಿಯ ಪಕ್ಕ ಗೊಲ್ಲಾಳಪ್ಪನೆಂಬ ರೈತ ತಗಡಿನ ಡಬ್ಬಿಯೊಂದನ್ನು ಬಡಿಯುತ್ತ ನಿಂತಿದ್ದ.

“ಸಿಮ್ ಎಲ್ಲಿ ಇಟ್ಟೀರಿ?” ಪರಮೇಶ್ವರ ಗದರಿಸಿದ.

“ಈ ಡಬ್ಬಿ ಒಳಗ್ರಿ.”

“ಯಾರ ಕೂಡ ಮಾತಾಡ್ತದ ಇದು?”

“ಮೋಟರ್ ಕೂಡ್ರಿ! ಕುಂತಲ್ಲಿಂದ ಫೋನ್ ಹಚ್ಚಿದ್ರ ಮೋಟರ್ ಚಾಲೂ, ಮತ್ತ ಹಚ್ಚಿದ್ರ ಬಂದ್. ನಾಕು ಮಂದಿ ಅಣ್ಣತಮ್ಮರಿಗೆ ಒಂದ ಬಾವಿ. ಇವತ್ತ ಯಾವನೋ ನಂಬರ ಬಂದ್ ಮಾಡ್ಯಾನ. ಅವ ಸಿಗ್ಲಿ, ಬಾವ್ಯಾಗ ಒಗೀತೇನಿ!”

ಪರಮೇಶ್ವರ ಬಾವಿಯನ್ನು ಇಣುಕಿದ. ನೀರು ಬೇಕಾದಷ್ಟಿತ್ತು. ಸುಳ್ಳು ಹೇಳೋಣವೆಂದರೆ ಕಂಪನಿಯ ಗುರುತಿನ ಚೀಟಿ ಕೊರಳಲ್ಲೇ ನೇತಾಡುತ್ತಿತ್ತು.

“ನಾಳಿ ಚಾಲೂ ಆಗ್ತದ್ರಿ,” ಎಂದ ಸಣ್ಣ ದನಿಯಲ್ಲಿ.

“ಅಲ್ಲೀಮಟ ಗೋವಿನಜೋಳ ಒಣಗಬೇಕೇನು?”

ಗೊಲ್ಲಾಳಪ್ಪನ ಹೆಂಡತಿ ಸೋನಾಬಾಯಿ ನಡುವೆ ಬಂದಳು. “ಹೋಗ್ಲಿ ಬಿಡ್ರಿ. ಇವನ ನಂಬರ ಎಲ್ಲಾರಿಗೂ ಕೊಡ್ರಿ. ಡಬ್ಬಿ ಬದ್ಲಿ ಇವ ಕೂಡ್ಲಿ!”

ಹೀಗೆ ಪರಮೇಶ್ವರ ಡಬ್ಬಿಯ ಕೆಲಸಕ್ಕೆ ಸೇರಿದ. ರಿಂಗ್. “ಚಾಲೂ ಮಾಡೋ!” ಕಟ್. ರಿಂಗ್. “ಬಂದ್ ಮಾಡೋ!” ಕಟ್. ಅಣ್ಣನ ಪಾಳಿ ಮುಗಿಯುವ ಮೊದಲೇ ತಮ್ಮ ನೀರು ಕೇಳುತ್ತಿದ್ದ, ತಮ್ಮನಿಗೆ ಬಿಟ್ಟರೆ ಅಣ್ಣ ಉರಿದು ಬೀಳುತ್ತಿದ್ದ. ನಡುವೆ ಸೋನಾಬಾಯಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದುಕೊಟ್ಟಳು. ರೊಟ್ಟಿ ಮುರಿಯಲೂ ಫೋನು ಬಿಡಲಿಲ್ಲ.

ಇಳಿಹೊತ್ತಿಗೆ ಅದು ತಟ್ಟನೆ ಸುಮ್ಮನಾಯಿತು. ಅಬ್ಬಾ, ಬದುಕಿದೆ ಎಂದು ಕಾಲು ಚಾಚಿದ. ಆಮೇಲೆ ನೋಡಿದರೆ ಸಿಗ್ನಲ್ಲೇ ಇಲ್ಲ! ಸೋನಾಬಾಯಿಯ ಫೋನು ಇಸಿದುಕೊಂಡು ಆಫೀಸಿಗೆ ಹಚ್ಚಿದ. ಜತೆಗೆ ಕೆಲಸ ಮಾಡುವ ವಿಜಯಲಕ್ಷ್ಮೀ ಎತ್ತಿದಳು.

“ಪರಮೇಶಣ್ಣಾ, ಆಗಿಂದ ನಿಮಗ ಹಚ್ಚಾಕತ್ತೇನಿ, ಹತ್ತವಲ್ದು! ಅದ ಹೊಲದಾಗ ಇನ್ನೊಬ್ಬ ಕಳ್ಳ ಸಿಕ್ಕಾನ್ರಿ. ನಾಕು ಮಂದಿ ಒಂದ ಸಮ ಹಚ್ಚೂದು, ಕಟ್ ಮಾಡೂದು. ಬಂದ್ ಮಾಡಿಬಿಟ್ಟೆ! ನನ್ನ ನೌಕರಿ ಕಾಯಂ ಆತ್ರಿ!”

“ಯವ್ವಾ, ಯಾರ ನಂಬರ ಅಂತಾದ್ರೂ ನೋಡಬಾರದೇನ?”

“ಮೊದಲ ಬಂದ್ ಮಾಡು, ಹೆಸರು ಆಮ್ಯಾಲ ನೋಡಿದ್ರಾತು ಅಂತ ನೀವ ಕಲಿಸೀರಲ್ರಿ!”